ಯಾರೂ ಕೇಳದ ಕಡೆ

"ಇದರಲ್ಲಿ ಎಲ್ಲಕ್ಕಿಂತ ಭದ್ರವಾಗಿರೋದು ಯಾವುದು, ಅಷ್ಟು ಹೇಳಕ್ಕ ಸಾಕು," ಎಂದಳು ವಕೀಲೆ.

ಊಟದ ಮೇಜಿನ ಮೇಲೆ ಮೂರು ಕಂಪ್ಯೂಟರುಗಳು ಸಂದರ್ಶನಕ್ಕೆ ಬಂದ ಅಭ್ಯರ್ಥಿಗಳಂತೆ ಸಾಲಾಗಿ ಕೂತಿದ್ದವು. ಮೊದಲನೆಯದು ಅವಳದೇ ಹಳೆಯ ಲ್ಯಾಪ್‌ಟಾಪ್. ಬಳಸಿ ಬಳಸಿ ಕೀಲಿಗಳ ಮೇಲಿನ ಅಕ್ಷರಗಳು ಅರ್ಧಕ್ಕರ್ಧ ಅಳಿಸಿಹೋಗಿದ್ದವು. ಎರಡನೆಯದು ಮಹಡಿಯಿಂದ ಹೊತ್ತು ತಂದ ಗಂಡನ ದೊಡ್ಡ ಕಂಪ್ಯೂಟರ್, ಬೆನ್ನ ಹಿಂದೆ ವೈರುಗಳ ಜಡೆ. ಮೂರನೆಯದು ನಿನ್ನೆ ತಂದದ್ದು, ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಇನ್ನೂ ಸುಲಿದಿರಲಿಲ್ಲ. ಇದರೊಳಕ್ಕೆ ಇರುವೆಯೂ ನುಗ್ಗಲಾರದು ಎಂದು ಅಂಗಡಿಯವನು ಆಣೆ ಮಾಡಿದ್ದನಂತೆ.

ಸೂಜಿ ಮೂರನ್ನೂ ಮುಟ್ಟಲಿಲ್ಲ. ಕುರ್ಚಿ ಎಳೆದುಕೊಂಡು ಕೂತಳು.

ಸೂಜಿ ಎನ್ನುವುದು ಪೊಲೀಸ್ ವೈರ್‌ಲೆಸ್ ವಿಭಾಗದಲ್ಲಿದ್ದಾಗ ಜೊತೆಯವರು ಇಟ್ಟ ಅಡ್ಡಹೆಸರು. ಮೈ ಕಡ್ಡಿ, ಮಾತು ಕಡಿಮೆ, ಆಡಿದರೆ ಚುಚ್ಚುತ್ತದೆ ಅಂತ. ಆ ಕೆಲಸ ಬಿಟ್ಟು ಸ್ವಂತಕ್ಕೆ ಪತ್ತೇದಾರಿಕೆಗೆ ಇಳಿದ ಮೇಲೂ ಹೆಸರು ಬಿಟ್ಟುಹೋಗಲಿಲ್ಲ. ವಕೀಲೆ ಅವಳ ಚಿಕ್ಕಮ್ಮನ ಮಗಳು. ಅವಳು ತೊಟ್ಟಿಲಲ್ಲಿ ಕೈಕಾಲು ಆಡಿಸುತ್ತಿದ್ದಾಗಿನಿಂದ ಸೂಜಿ ನೋಡಿದವಳು.

"ಡಾಕ್ಟರ ಹತ್ರ ಹೋದಾಗ, ನಿಮ್ಮಲ್ಲಿರೋ ಎಲ್ಲಕ್ಕಿಂತ ಜೋರಾದ ಮಾತ್ರೆ ಕೊಡಿ ಅಂತ ಕೇಳ್ತೀಯಾ?"

"ಇಲ್ಲ. ಎಲ್ಲಿ ನೋವು ಅಂತ ಹೇಳ್ತೀನಿ."

"ಇಲ್ಲೂ ಹಾಗೇ. ಏನನ್ನ ಬಚ್ಚಿಡ್ಬೇಕು, ಯಾರಿಂದ ಬಚ್ಚಿಡ್ಬೇಕು? ಅದು ಗೊತ್ತಾಗದೆ ಯಾವ ಕಂಪ್ಯೂಟರ್ ಅಂತ ಹೇಳೋಕಾಗಲ್ಲ."

ಏನನ್ನು ಎಂಬುದು ಇಬ್ಬರಿಗೂ ಗೊತ್ತಿತ್ತು. ಖಾಸಗಿ ನರ್ಸಿಂಗ್ ಹೋಮೊಂದರಲ್ಲಿ ತಪ್ಪು ಔಷಧಿಯಿಂದ ಸತ್ತನೆಂಬ ಗಡಿಯಾರ ರಿಪೇರಿಯವನ ಪರವಾಗಿ ಅವನ ಅಕ್ಕ ದಾವೆ ಹೂಡಿದ್ದಳು. ಆ ಔಷಧಿ ಕೊಟ್ಟದ್ದನ್ನು ಕಣ್ಣಾರೆ ಕಂಡ ನರ್ಸ್ ಒಬ್ಬಳೇ ಸಾಕ್ಷಿ. ಅವಳನ್ನು ಬಚ್ಚಿಟ್ಟ ಎರಡು ಮನೆಗಳ ಬಾಗಿಲಿಗೂ ಯಾರೋ ಹುಡುಕಿಕೊಂಡು ಬಂದಿದ್ದರು.

ಮೊನ್ನೆ ಎರಡನೆಯ ಮನೆಯಿಂದ ಅವಳನ್ನು ಹಿತ್ತಿಲ ಮೆಟ್ಟಿಲಿಳಿಸಿ ಕರೆದೊಯ್ದವಳು ಸೂಜಿಯೇ. ದಾರಿಯುದ್ದಕ್ಕೂ ನರ್ಸ್ ಬಾಯಿ ಬಿಡಲಿಲ್ಲ. ಇಳಿಯುವಾಗ ಮಾತ್ರ, "ಒಂದು ವಿಷಯ ಇದೆ. ವಕೀಲ್ರ ಹತ್ರ ಮಾತ್ರ ಹೇಳೋದು. ಅದೂ ಯಾರೂ ಕೇಳದ ಕಡೆ," ಎಂದಿದ್ದಳು.

ವಕೀಲೆ ಅಲ್ಲಿಗೆ ಹೋಗುವಂತಿರಲಿಲ್ಲ. ಹಿಂದೆ ಯಾರಾದರೂ ಬಂದರೆ ಮೂರನೆಯ ಜಾಗವೂ ಕೆಡುತ್ತದೆ. ಫೋನಿನ ಮೇಲೆ ನಂಬಿಕೆಯಿಲ್ಲ. ಉಳಿದಿದ್ದು ಈ ಮೂರು ಯಂತ್ರಗಳಲ್ಲಿ ಒಂದರಿಂದ ಮುಖ ನೋಡಿ ಮಾತಾಡುವುದು.

"ಯಾರಿಂದ ಅಂತ ಹೇಳ್ಲಿಲ್ಲ," ಎಂದಳು ಸೂಜಿ.

ವಕೀಲೆ ಅಡುಗೆಮನೆಯ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಆದರೂ ದನಿ ತಗ್ಗಿಸಿದಳು.

"ನಮ್ಮನೆಯವರಿಂದ."

ಸೂಜಿ ಮೇಜಿನ ಮೇಲಿನ ಗಂಡನ ಕಂಪ್ಯೂಟರಿನ ಕಡೆ ನೋಡಿದಳು. ಇವರಿಬ್ಬರ ಮದುವೆಯ ನೋಂದಣಿಗೆ ಸಾಕ್ಷಿಯಾಗಿ ಸಹಿ ಹಾಕಿದವಳು ತಾನು. ಕನ್ನಡಕದಂಗಡಿ ನಡೆಸುವ ಆ ಮನುಷ್ಯ ಇರುವೆ ಸಾಲು ಕಂಡರೆ ದಾಟಿ ಕಾಲಿಡುವವನು. ಆದರೆ ಈ ವೃತ್ತಿಯಲ್ಲಿ ಇರುವೆ ದಾಟುವವರನ್ನೂ ಅವಳು ಬೇಕಾದಷ್ಟು ಕಂಡಿದ್ದಳು.

"ಸುಮ್ನೆ ಅನುಮಾನವೋ, ಏನಾದ್ರೂ ಕಂಡಿದೆಯೋ?"

"ಕಂಡಿದೆ." ವಕೀಲೆ ಕೋರ್ಟಿನಲ್ಲಿ ವಾದ ಮಂಡಿಸುವವಳಂತೆ ಬೆನ್ನು ನೆಟ್ಟಗೆ ಮಾಡಿದಳು. "ಹೋದ ವಾರ ನಾನು ಕೋರ್ಟಲ್ಲಿದ್ದಾಗ ಯಾರೋ ನನ್ನ ಲ್ಯಾಪ್‌ಟಾಪ್ ತೆಗೆದಿದಾರೆ. ತೆಗೆದ ಹೊತ್ತು ಅದರಲ್ಲೇ ದಾಖಲಾಗಿದೆ. ಮನೇಲಿದ್ದಿದ್ದು ಇವರೊಬ್ಬರೇ."

"ಪಾಸ್‌ವರ್ಡ್ ಗೊತ್ತಾ ಅವರಿಗೆ?"

"ಮಗಳ ಮುದ್ದಿನ ಹೆಸರು, ಮುಂದೆ ಹುಟ್ಟಿದ ವರ್ಷ."

"ಅಂದ್ರೆ ಪೇಪರ್ ಹಾಕೋನಿಗೂ ಗೊತ್ತು. ಆಮೇಲೆ?"

"ನಾನು ಆಫೀಸ್ ರೂಮಲ್ಲಿ ಫೋನಲ್ಲಿ ಮಾತಾಡ್ತಿದ್ರೆ ಬಾಗಿಲ ಹೊರಗೆ ನಿಂತಿರ್ತಾರೆ. ಬಾಗಿಲಿಗೆ ಕಿವಿ ಕೊಟ್ಟು. ನಾನೇ ಎಷ್ಟೋ ಸಲ ಕಂಡಿದೀನಿ. ನನ್ನ ನೋಡಿದ ಕೂಡ್ಲೇ, ಏನಿಲ್ಲ ಏನಿಲ್ಲ ಅಂತ ಹೋಗಿಬಿಡ್ತಾರೆ. ಸಂಜೆ ಅಂಗಡೀಲಿದ್ದೆ ಅಂತಾರೆ. ಅಂಗಡಿಗೆ ಫೋನ್ ಮಾಡಿದ್ರೆ, ಸಾರ್ ಆಗ್ಲೇ ಹೋದ್ರು ಅಂತಾರೆ."

"ಕೇಳಿದ್ಯಾ?"

"ಏನಂತ ಕೇಳ್ಲಿ? ಎದುರು ಪಾರ್ಟಿಗೆ ನನ್ನ ಮಾರ್ಕೊಂಡ್ರಾ ಅಂತಾನಾ?"

"ನಿನ್ನ ಜೂನಿಯರ್?"

"ಅವನಿಗೆ ಎರಡನೇ ಮನೆ ವಿಷಯ ಹೇಳೇ ಇರ್ಲಿಲ್ಲ. ಊರಲ್ಲೂ ಇರ್ಲಿಲ್ಲ."

"ಮನೆ ವಿಳಾಸ ಈ ಲ್ಯಾಪ್‌ಟಾಪಲ್ಲಿ ಎಲ್ಲಿ ಬರೆದಿಟ್ಟಿದ್ದೆ?"

ವಕೀಲೆ ತಡೆದಳು. "ಎಲ್ಲೂ ಇಲ್ಲ. ವಿಳಾಸ ಯಾವತ್ತೂ ಟೈಪ್ ಮಾಡಿಲ್ಲ. ಅಷ್ಟು ಬುದ್ಧಿ ನನಗಿದೆ."

ಸೂಜಿ ಅವಳ ಮುಖವನ್ನೇ ನೋಡಿದಳು. "ಹಾಗಾದ್ರೆ ಲ್ಯಾಪ್‌ಟಾಪ್ ತೆಗೆದೋರಿಗೆ ಸಿಕ್ಕಿದ್ದಾದ್ರೂ ಏನು?"

ಅದಕ್ಕೆ ಉತ್ತರ ಬರುವ ಮೊದಲೇ ಹೊರಗೆ ಗೇಟಿನ ಚಿಲಕ ಸದ್ದಾಯಿತು. ವಕೀಲೆಯ ಗಂಡ, ಆ ಕನ್ನಡಕದವನು, ಮಧ್ಯಾಹ್ನದ ಊಟಕ್ಕೆ ಬಂದಿದ್ದ.

*

ಅವನು ಒಳಗೆ ಬಂದು ಮೇಜಿನ ಮೇಲಿನ ಮೂರು ಕಂಪ್ಯೂಟರುಗಳನ್ನು ನೋಡಿದ, ಆಮೇಲೆ ಸೂಜಿಯನ್ನು ನೋಡಿದ. ಮುಖ ಅರಳಿತು.

"ಅಕ್ಕ, ಯಾವಾಗ ಬಂದ್ರಿ? ಇದೇನು, ಅಂಗಡಿ ಇಡ್ತೀರಾ?"

"ಕೂತ್ಕೊಳ್ಳಿ ಭಾವ, ಸ್ವಲ್ಪ ಮಾತಾಡೋದಿದೆ."

ಅವನು ಕೂತ. ಕೂರುವ ಮುನ್ನ ಕುರ್ಚಿಯನ್ನು ಎಡಕ್ಕೆ ತಿರುಗಿಸಿ, ಸೂಜಿಗೆ ಬಲಗೆನ್ನೆ ಕಾಣುವ ಹಾಗೆ ಇಟ್ಟುಕೊಂಡ. ಅವಳು ಮಾತಾಡುವಾಗ ಕಣ್ಣು ಅವಳ ಕಣ್ಣಿನಲ್ಲಿರಲಿಲ್ಲ, ತುಟಿಯ ಮೇಲಿತ್ತು.

ವೈರ್‌ಲೆಸ್ ಕೋಣೆಯಲ್ಲಿ ವರ್ಷಗಟ್ಟಲೆ ಕೂತವಳಿಗೆ ಕೇಳಿಸಿಕೊಳ್ಳುವವರ ಮುಖ ಹೇಗಿರುತ್ತದೆಂದು ಚೆನ್ನಾಗಿ ಗೊತ್ತು. ಕೇಳಿಸದವರ ಮುಖವೂ ಗೊತ್ತು.

ಸೂಜಿ ಎದ್ದಳು. ನೀರಿನ ಹೂಜಿ ತರುವವಳಂತೆ ಅವನ ಎಡಗಡೆಯಿಂದ ಹಾದು, ಬೆನ್ನ ಹಿಂದೆ ನಿಂತು, ಸಾಧಾರಣ ದನಿಯಲ್ಲಿ ಹೇಳಿದಳು. "ನಿಮ್ಮ ಅಂಗಡಿಗೆ ಬೆಂಕಿ ಬಿದ್ದಿದೆಯಂತೆ."

ವಕೀಲೆ ಬೆಚ್ಚಿ ಅವಳ ಕಡೆ ನೋಡಿದಳು. ಕನ್ನಡಕದವನು ಮೂರನೆಯ ಕಂಪ್ಯೂಟರಿನ ಪ್ಲಾಸ್ಟಿಕ್ ಹಾಳೆಯ ಅಂಚನ್ನು ಉಗುರಿನಲ್ಲಿ ಎಬ್ಬಿಸುತ್ತ ಹಾಯಾಗಿ ಕೂತಿದ್ದ.

ಸೂಜಿ ಸುತ್ತಿ ಬಂದು ಅವನೆದುರು ಕೂತಳು. "ಎಷ್ಟು ದಿನದಿಂದ?"

"ಏನು?"

"ಎಡಗಿವಿ."

ಪ್ಲಾಸ್ಟಿಕ್ ಹಾಳೆ ಅವನ ಕೈಯಿಂದ ಜಾರಿತು. ಹೆಂಡತಿಯ ಕಡೆ ಒಮ್ಮೆ ನೋಡಿ, ಸಿಕ್ಕಿಬಿದ್ದ ಶಾಲೆಯ ಹುಡುಗನಂತೆ ತಲೆ ಕೆಳಗೆ ಹಾಕಿದ.

"ಹೋದ ವರ್ಷದಿಂದ ಮಂದ ಆಗ್ತಾ ಬಂತು," ಎಂದ. "ಈಗ ಪೂರ್ತಿ ಹೋದ ಹಾಗೇನೆ. ಬಲಗಡೇದೂ ಸ್ವಲ್ಪ ಕಡಿಮೆಯಾಗಿದೆ ಅಂದ್ರು ಡಾಕ್ಟ್ರು."

"ಯಾವ ಡಾಕ್ಟ್ರು?" ಎಂದಳು ವಕೀಲೆ.

"ಸಂಜೆ ಹೋಗ್ತಿದ್ದೆ. ಕಿವಿಗೆ ಹಾಕೋ ಮಷೀನ್ ಹೊಂದಿಸ್ಬೇಕಲ್ಲ, ಒಂದೇ ಸಲಕ್ಕೆ ಆಗಲ್ಲ. ನಿನಗೆ ಅಂಗಡೀಲಿದ್ದೆ ಅಂತ ಹೇಳ್ತಿದ್ದೆ."

"ನನ್ನ ಲ್ಯಾಪ್‌ಟಾಪ್?"

"ಅದೂ ನಾನೇ. ಮಷೀನ್ ಯಾವ್ಯಾವ ತರ ಬರುತ್ತೆ ಅಂತ ನೋಡ್ತಿದ್ದೆ. ನನ್ನ ಫೋನಲ್ಲೋ ಕಂಪ್ಯೂಟರಲ್ಲೋ ನೋಡಿದ್ರೆ ಮಗಳಿಗೆ ಗೊತ್ತಾಗುತ್ತೆ, ಅವಳು ನಿನಗೆ ಹೇಳ್ತಾಳೆ."

"ಬಾಗಿಲ ಹತ್ರ ನಿಂತ್ಕೊಳ್ತಿದ್ರಲ್ಲ, ಅದು?"

ಅವನಿಗೆ ನಿಜಕ್ಕೂ ಅರ್ಥವಾದಂತೆ ಕಾಣಲಿಲ್ಲ. "ನೀನು ಒಳಗಿಂದ ಕರೀತಿದೀಯೋ, ಫೋನಲ್ಲಿ ಮಾತಾಡ್ತಿದೀಯೋ ಗೊತ್ತಾಗ್ತಿರ್ಲಿಲ್ಲ. ಬಾಗಿಲಿಗೆ ಕಿವಿ ಹಚ್ಚಿದ್ರೆ ಸ್ವಲ್ಪ ತಿಳೀತಿತ್ತು. ಯಾಕೆ?"

ವಕೀಲೆ ಸೂಜಿಯ ಕಡೆ ಒಮ್ಮೆ ನೋಡಿ ಗಂಡನ ಕಡೆ ತಿರುಗಿದಳು.

"ಹೇಳ್ಬಾರ್ದಿತ್ತಾ ನನಗೆ," ಎಂದಳು.

"ಏನಂತ ಹೇಳ್ಲಿ? ಅಂಗಡಿಗೆ ಬರೋರಿಗೆಲ್ಲ, ಕನ್ನಡಕ ಹಾಕ್ಕೊಳ್ಳೋಕೆ ಯಾಕ್ರೀ ನಾಚಿಕೆ ಅಂತ ದಿನಾ ಬುದ್ಧಿ ಹೇಳೋನು ನಾನು. ನನ್ನ ಕಿವಿಗೆ ಬಂದಾಗ ನನಗೇ ನಾಚಿಕೆ ಆಯ್ತು."

"ನಾನು ಒಂದು ತಿಂಗಳಿಂದ ನಿಮ್ಮ ಜೊತೆ ಸರಿಯಾಗಿ ಮಾತೇ ಆಡಿಲ್ಲ. ಅದಾದ್ರೂ ಗೊತ್ತಾಗ್ಲಿಲ್ವಾ?"

"ನೀನು ಮಾತಾಡ್ತಿಲ್ಲ ಅಂತ ನನಗೇನು ಗೊತ್ತು," ಎಂದ ಕನ್ನಡಕದವನು. "ಕಿವಿ ಇನ್ನೂ ಕೆಟ್ಟಿದೆ ಅಂದ್ಕೊಂಡೆ."

ವಕೀಲೆಯ ಬಾಯಿಂದ ಬಂದದ್ದು ನಗೆಯೋ ಅಳುವೋ ಹೇಳುವುದು ಕಷ್ಟವಿತ್ತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಭುಜಗಳು ಮಾತ್ರ ಕುಲುಕುತ್ತಿದ್ದವು. ಅವನು ಗಾಬರಿಯಾಗಿ ಎದ್ದು ಬಂದು ಅವಳ ಪಕ್ಕ ನಿಂತ. ಬಲಗಿವಿ ಅವಳ ಕಡೆಗೆ ಬರುವ ಹಾಗೆ.

ಸೂಜಿಗೆ ಎದೆಯ ಮೇಲಿಂದ ಕಲ್ಲು ಇಳಿದಂತಾಗಿತ್ತು. ಗಂಡ ಹೆಂಡಿರ ನಡುವೆ ತನ್ನದೇನು ಕೆಲಸ ಎಂದು ಅವಳು ಮೆಲ್ಲಗೆ ಎದ್ದು ಪಡಸಾಲೆಗೆ ಬಂದಳು.

*

ಪಡಸಾಲೆ ಕಕ್ಷಿದಾರರು ಕಾಯುವ ಜಾಗ. ಗೋಡೆಯುದ್ದಕ್ಕೂ ಮರದ ಬೆಂಚು, ಹಳೆಯ ವಾರಪತ್ರಿಕೆಗಳು, ಒಂದು ಮೂಲೆಯಲ್ಲಿ ಚಪ್ಪಲಿ ಸ್ಟ್ಯಾಂಡು. ಎದುರಿನ ಕಪಾಟಿನ ಮೇಲೆ ವಿದ್ಯುತ್ತಿನ ಫೋಟೋ ಫ್ರೇಮ್ ಒಂದಿತ್ತು. ಒಂದಾದ ಮೇಲೊಂದು ಚಿತ್ರ ತಾನಾಗಿ ಬದಲಾಗುವಂಥದ್ದು.

ಸೂಜಿ ಬೆಂಚಿನ ಮೇಲೆ ಕೂತು ಕಾಲು ಚಾಚಿದಳು. ಒಂದು ಪ್ರಶ್ನೆ ಮುಗಿದಿತ್ತು, ಇನ್ನೊಂದು ಹಾಗೇ ಕೂತಿತ್ತು. ಕನ್ನಡಕದವನಲ್ಲ, ಜೂನಿಯರ್ ಅಲ್ಲ, ಲ್ಯಾಪ್‌ಟಾಪಿನಲ್ಲಿ ವಿಳಾಸವೇ ಇರಲಿಲ್ಲ. ಹಾಗಿದ್ದರೆ ಎರಡು ಮನೆಗಳ ದಾರಿ ತೋರಿಸಿದ್ದು ಯಾರು?

ಫ್ರೇಮಿನಲ್ಲಿ ಮಗಳು ಓಟದ ಪಂದ್ಯದಲ್ಲಿ ಗೆದ್ದ ಕಪ್ ಹಿಡಿದು ನಕ್ಕಳು. ಮಗಳು ಹೋದಳು, ಕನ್ನಡಕದವನು ಸೋಪಿನ ನೊರೆ ಮೆತ್ತಿದ ನಾಯಿಯನ್ನು ಅಪ್ಪಿಕೊಂಡು ಬಂದ. ನಾಯಿ ಹೋಯಿತು, ಸಮುದ್ರ ಬಂತು. ಸಮುದ್ರ ಹೋಯಿತು.

ಕಿಟಕಿಯ ಪಕ್ಕ ಕೂತ ಒಬ್ಬ ಹೆಂಗಸು ಬಂದಳು. ತಲೆ ಬಿಗಿಯಾಗಿ ಬಾಚಿ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ನಗದೆ ಕ್ಯಾಮೆರಾ ನೋಡುತ್ತಿದ್ದಳು. ಕಿಟಕಿಯಾಚೆ ಬಣ್ಣದ ಕಾರ್ಖಾನೆಯ ಚಿಮಣಿ.

ನರ್ಸ್.

ಚಿತ್ರದ ಕೆಳಗೆ ಚಿಕ್ಕ ಬಿಳಿ ಅಕ್ಷರಗಳಲ್ಲಿ ಅದನ್ನು ತೆಗೆದ ದಿನ. ಅದರ ಪಕ್ಕದಲ್ಲಿ ತೆಗೆದ ಸ್ಥಳ. ಬೀದಿಯ ಹೆಸರಿನ ಸಮೇತ.

ಸೂಜಿ ಅಲುಗಾಡದೆ ಕೂತು ಕಾದಳು. ಮಗಳು ಮತ್ತೆ ಬಂದಳು, ಕೇಕು ಬಂತು, ಯಾರದೋ ಮಗು ಬಂತು. ಆಮೇಲೆ ಅದೇ ಹೆಂಗಸು, ಈ ಸಲ ಮಹಡಿಯ ಮೇಲೆ ಒಣಹಾಕಿದ ಬಟ್ಟೆಗಳ ನಡುವೆ. ಕೆಳಗೆ ಎರಡನೆಯ ಬೀದಿಯ ಹೆಸರು.

"ತಂಗಿ," ಎಂದು ಕರೆದಳು ಸೂಜಿ, "ಇಲ್ಲಿ ಬಾ. ಭಾವನ್ನೂ ಕರ್ಕೊಂಡ್ ಬಾ."

ಇಬ್ಬರೂ ಬಂದು ನಿಂತರು. ವಕೀಲೆಯ ಕಣ್ಣು ಇನ್ನೂ ಕೆಂಪಗಿತ್ತು. ಚಿತ್ರ ಬದಲಾಗುವ ಮೊದಲೇ ಅವಳಿಗೆ ಎಲ್ಲ ಅರ್ಥವಾಯಿತು. ಕೈ ಬಾಯಿಗೆ ಹೋಯಿತು.

"ಪ್ರಮಾಣಪತ್ರಕ್ಕೆ ಅಂತ ನಾನೇ ತೆಗೆದಿದ್ದು. ನನ್ನ ಫೋನಲ್ಲಿ."

"ನಿನ್ನ ಫೋನಲ್ಲಿ ತೆಗೆದಿದ್ದೆಲ್ಲ ಎಲ್ಲಿಗೆ ಹೋಗುತ್ತೆ?"

ಉತ್ತರ ಕೊಟ್ಟವನು ಕನ್ನಡಕದವನು. "ಮನೆಯೋರೆಲ್ಲ ತೆಗೆದಿದ್ದು ಒಂದೇ ಕಡೆ ಸೇರೋ ಹಾಗೆ ಮಾಡಿದೀನಿ ಅಕ್ಕ. ಎಲ್ಲರದ್ದೂ ಒಂದೇ ಅಕೌಂಟು. ಅಲ್ಲಿಂದ ಇದಕ್ಕೆ ಬರುತ್ತೆ." ಹೇಳುತ್ತ ಹೇಳುತ್ತ ಅವನ ದನಿ ಇಳಿಯಿತು. "ಎಲ್ಲಿ ತೆಗೆದಿದ್ದು ಅಂತ ಕೆಳಗೆ ಬಂದ್ರೆ ಚೆನ್ನಾಗಿರುತ್ತೆ ಅಂತ ಅದನ್ನೂ ನಾನೇ ಹಾಕ್ದೆ."

"ನಾನು ದಿನಾ ಇದರ ಮುಂದೆ ಓಡಾಡ್ತೀನಿ," ಎಂದಳು ವಕೀಲೆ. "ನೋಡೇ ಇಲ್ಲ."

"ಮನೆಯೋರು ಯಾರೂ ನೋಡಲ್ಲ. ಕಾಯ್ತಾ ಕೂತೋರು ನೋಡ್ತಾರೆ. ಅವರಿಗೆ ಬೇರೇನು ಕೆಲಸ ಇರುತ್ತೆ?"

ಇಲ್ಲಿ ಕಾದು ಕೂತವರು ಯಾರ್ಯಾರು? ವಕೀಲೆ ನೆನಪಿಸಿಕೊಳ್ಳುತ್ತ ಹೋದಳು. ಎದುರು ಪಕ್ಷದ ಗುಮಾಸ್ತ ಕಾಗದ ಕೊಡಲು ಬಂದು ಕೂತಿದ್ದ. ಕೊರಿಯರ್‌ನವರು, ಬೇರೆ ಕೇಸುಗಳ ಕಕ್ಷಿದಾರರು, ವಾರಕ್ಕೊಮ್ಮೆ ಬರುವ ಗಡಿಯಾರದವನ ಅಕ್ಕ, ನಳ ರಿಪೇರಿಯವರು, ಹೆಸರೂ ಹೇಳದೆ ಎದ್ದುಹೋದ, ಗಲ್ಲದ ಮೇಲೆ ಗಾಯದ ಗುರುತಿದ್ದ ಯಾರೋ ಒಬ್ಬ. ಅರ್ಧ ಊರೇ ಈ ಬೆಂಚಿನ ಮೇಲೆ ಕೂತು ಎದ್ದಿತ್ತು.

"ಗುಮಾಸ್ತನೇ ಇರ್ಬೇಕು," ಎಂದಳು.

"ಇರ್ಬಹುದು. ಅದನ್ನ ನಾನು ನೋಡ್ಕೊಳ್ತೀನಿ."

ಸೂಜಿ ಫ್ರೇಮಿನ ವೈರನ್ನು ಗೋಡೆಯಿಂದ ಕಿತ್ತಳು. ಗಾಜು ಕಪ್ಪಾಯಿತು. ಭಯಪಡಬೇಕಾದ ಗಳಿಗೆಯೇ. ಆದರೆ ವಕೀಲೆಯ ಮುಖದಲ್ಲಿ ಸೂಜಿ ಕಂಡದ್ದು ಬೇರೆ. ತಿಂಗಳಿಂದ ಕಟ್ಟಿಕೊಂಡಿದ್ದ ಉಸಿರನ್ನು ಅವಳು ಈಗ ಬಿಟ್ಟಿದ್ದಳು.

"ಮಾರ್ಕೊಂಡಿದ್ದು ನಾನೇ ಅಂತಾಯ್ತು," ಎಂದಳು.

"ಯಾರೂ ಮಾರ್ಕೊಂಡಿಲ್ಲ. ಬಾಗಿಲಿಗೆಲ್ಲ ಬೀಗ ಹಾಕಿ, ಕಿಟಕಿ ತೆರೆದಿಟ್ಟಿದ್ರಿ. ಇಬ್ರೂ ಸೇರಿ," ಎಂದಳು ಸೂಜಿ.

ಕನ್ನಡಕದವನು ಅವಳ ತುಟಿ ನೋಡಿ ಅರ್ಥ ಮಾಡಿಕೊಂಡ. "ಅಕ್ಕ, ಕಿಟಕಿ ಮುಚ್ಚೋಕೆ ನಾನೇನು ಮಾಡ್ಲಿ?"

"ಮೊದಲು ಊಟಕ್ಕೆ ಬಡಿಸಿ. ಆಮೇಲೆ ಹೇಳ್ತೀನಿ."

*

ಊಟವಾದ ಮೇಲೆ ಮೂರೂ ಕಂಪ್ಯೂಟರುಗಳು ಮತ್ತೆ ಮೇಜಿಗೆ ಬಂದವು. ಈ ಸಲ ಸೂಜಿ ತೋಳು ಮಡಿಚಿದಳು.

ಮೊದಲು ಗಂಡನ ದೊಡ್ಡ ಕಂಪ್ಯೂಟರ್. ತೆರೆದು ನೋಡಿದರೆ ಕಾವಲಿಗೆಂದು ಹಾಕಿಸಿದ ಸಾಫ್ಟ್‌ವೇರುಗಳೇ ಕಿಕ್ಕಿರಿದಿದ್ದವು. ಒಂದು ಇನ್ನೊಂದನ್ನು ಕಳ್ಳ ಎಂದು ಕೂಗುತ್ತಿತ್ತು. ಎಲ್ಲವೂ ಪುಕ್ಕಟೆ ಸಿಕ್ಕವು.

"ಇಷ್ಟೊಂದು ಕಾವಲಿನೋರನ್ನ ಮನೆಯೊಳಗೆ ಬಿಟ್ಕೊಂಡು, ಅವರೇನು ಎತ್ಕೊಂಡು ಹೋಗ್ತಿದಾರೆ ಅಂತ ಯಾರು ನೋಡ್ತಾರೆ ಭಾವ?"

"ಬೇಡ್ವಾ ಹಾಗಾದ್ರೆ?"

"ಈ ಕೆಲಸಕ್ಕೆ ಬೇಡ. ಹಾಡು ಕೇಳೋಕೆ ಇಟ್ಕೊಳ್ಳಿ. ಮಷೀನ್ ಹಾಕ್ಕೊಂಡು."

ಅವನು ನಕ್ಕ. ಕಿವಿಯ ಮಾತಿಗೆ ಅವನು ನಕ್ಕದ್ದು ಅದೇ ಮೊದಲಿರಬೇಕು. ಹೆಂಡತಿ ಅವನನ್ನೇ ನೋಡಿದಳು.

ಆಮೇಲೆ ಹೊಸದು. ಅಂಗಡಿಯವನು ಸುಳ್ಳು ಹೇಳಿರಲಿಲ್ಲ. ಅದರೊಳಗೆ ಹಾಕಿದ್ದ ವ್ಯವಸ್ಥೆ ಗಟ್ಟಿಯೇ. ಸ್ವಿಚ್ ಆರಿಸಿದ ಕೂಡಲೇ ಮಾಡಿದ್ದೆಲ್ಲ ಮರೆತುಬಿಡುತ್ತಿತ್ತು. ತೆಗೆದಾಗಲೆಲ್ಲ ಆಗಷ್ಟೇ ಹುಟ್ಟಿದ ಮಗುವಿನಂತೆ ಖಾಲಿ.

"ಇದೇ ಅಲ್ವಾ ಬೇಕಾಗಿದ್ದು?" ಎಂದಳು ವಕೀಲೆ.

"ಬಚ್ಚಿಟ್ಟುಕೊಂಡು ಊರೂರು ತಿರುಗೋರಿಗೆ ಇದಕ್ಕಿಂತ ಒಳ್ಳೇದಿಲ್ಲ. ನೀನು ದಿನಾ ವಾದ ಬರೆಯೋಳು. ಬರೆದಿದ್ದೆಲ್ಲ ಮಾರನೇ ದಿನ ಮಾಯವಾದ್ರೆ ಏನು ಮಾಡ್ತೀಯ? ಎರಡು ದಿನ ತಡ್ಕೊಳ್ತೀಯ. ಆಮೇಲೆ ಬೇಸತ್ತು ಎಲ್ಲವನ್ನೂ ನಿನ್ನ ಫೋನಿಗೇ ತುಂಬ್ತೀಯ. ಮತ್ತೆ ಹಳೇ ಕತೆ."

"ಮತ್ಯಾವುದು?"

ಸೂಜಿ ಅಕ್ಷರ ಅಳಿಸಿದ ಹಳೆಯ ಲ್ಯಾಪ್‌ಟಾಪನ್ನು ಎಳೆದುಕೊಂಡಳು. ವಕೀಲೆ ಅದನ್ನು ಕೇಸಿನಿಂದ ಹೊರಹಾಕಿದ ಸಾಕ್ಷಿಯನ್ನು ನೋಡುವಂತೆ ನೋಡಿದಳು.

"ಇದೇನೂ ಹಾಳಾಗಿಲ್ಲ. ಇದನ್ನ ಮಾಡಿದ ಕಂಪನಿ ಇದರ ಸಾಫ್ಟ್‌ವೇರಿಗೆ ಇವತ್ತಿಗೂ ತೇಪೆ ಹಾಕ್ತಾ ಇದೆ. ತಪ್ಪು ಇದರದ್ದಲ್ಲ. ಒಳಗಿರೋದನ್ನ ಪೂರ್ತಿ ತೊಳೆದು ಮೊದಲಿಂದ ಹಾಕ್ತೀನಿ. ಡಿಸ್ಕಿಗೆ ಬೀಗ. ಮನೆಯೋರ ಅಕೌಂಟ್ ಇದರ ಹತ್ರಾನೂ ಸುಳೀಬಾರ್ದು. ಇದರಲ್ಲಿ ಈ ಕೇಸೊಂದೇ. ಅಡುಗೆ ವಿಡಿಯೋ ಇಲ್ಲ, ಸೀರೆ ಅಂಗಡಿ ಇಲ್ಲ."

"ಸೀರೆ ನೋಡೋದು ಯಾವಾಗ್ಲೋ ಒಂದ್ಸಲ."

"ಆ ಒಂದ್ಸಲಕ್ಕೆ ಹೊಸದನ್ನ ಇಟ್ಕೋ."

ಹಳೆಯ ಕೇಸುಗಳ ಕಡತಗಳನ್ನು ಬೇರೆಡೆ ತೆಗೆದಿಟ್ಟು, ಸೂಜಿ ಕೆಲಸಕ್ಕೆ ಕೈ ಹಚ್ಚಿದಳು. ಪರದೆಯ ಮೇಲೆ ನೀಲಿ ಗೆರೆ ಇಂಚಿಂಚಾಗಿ ತುಂಬುತ್ತಿತ್ತು. ಅತ್ತ ವಕೀಲೆ ತನ್ನ ಫೋನನ್ನು ಮನೆಯವರ ಅಕೌಂಟಿನಿಂದ ಬಿಡಿಸಿದಳು, ನರ್ಸಿನ ಚಿತ್ರಗಳನ್ನು ಎಲ್ಲ ಕಡೆಯಿಂದಲೂ ಅಳಿಸಿದಳು. ಕ್ಯಾಮೆರಾ ಸ್ಥಳ ದಾಖಲಿಸುವುದನ್ನು ಕನ್ನಡಕದವನು ಪಕ್ಕದಲ್ಲಿ ಕೂತು ನಿಲ್ಲಿಸಿಕೊಟ್ಟ. ತಲೆಗೆ ತಲೆ ತಾಗಿಸಿ ಕೂತ ಇಬ್ಬರನ್ನೂ ನೋಡಿ, ಬಂದ ಅರ್ಧ ಕೆಲಸ ಇಲ್ಲೇ ಆಯಿತು ಎಂದುಕೊಂಡಳು ಸೂಜಿ.

"ಈಗ ಪಾಸ್‌ವರ್ಡ್," ಎಂದಳು. "ಮಗಳ ಹೆಸರು ಬೇಡ, ನಾಯಿ ಹೆಸರು ಬೇಡ. ಒಂದಕ್ಕೊಂದು ಸಂಬಂಧವೇ ಇಲ್ಲದ ನಾಲ್ಕೈದು ಪದ ಜೋಡಿಸು. ಉದ್ದ ಇರ್ಲಿ. ನನಗೂ ಹೇಳ್ಬೇಡ."

ವಕೀಲೆ ಕಣ್ಣು ಮುಚ್ಚಿ ಯೋಚಿಸಿದಳು. ಆಮೇಲೆ ತನ್ನಷ್ಟಕ್ಕೆ ನಕ್ಕು, ಕೈಯನ್ನು ಮರೆಮಾಡಿ ಟೈಪ್ ಮಾಡಿದಳು.

"ಏನು ನಗು?" ಎಂದ ಕನ್ನಡಕದವನು.

"ನಿಮಗೆ ಕೇಳಿಸ್ಬಾರ್ದು ಅಂತಾನೇ ಟೈಪ್ ಮಾಡಿದ್ದು."

ಇಷ್ಟಾದ ಮೇಲೆ ಸೂಜಿ ಚೀಲದಿಂದ ಹೆಬ್ಬೆರಳ ಗಾತ್ರದ, ಪೆನ್‌ಡ್ರೈವಿನಂಥ ಒಂದು ತುಂಡನ್ನು ತೆಗೆದು ತಂಗಿಯ ಅಂಗೈಯಲ್ಲಿಟ್ಟಳು. ಅದನ್ನು ಚುಚ್ಚದೆ ಒಳಗಿನ ಅಕೌಂಟು ತೆರೆಯುವುದಿಲ್ಲ. ಪಾಸ್‌ವರ್ಡ್ ಕದ್ದವನಿಗೂ ಬರೀ ಅರ್ಧ ಕೀಲಿಯೇ ಸಿಗುವುದು. ವಕೀಲೆ ಅದನ್ನು ಕತ್ತಿನ ಸರಕ್ಕೆ ಪೋಣಿಸಿಕೊಂಡಳು.

"ಇಷ್ಟೇನಾ?" ಎಂದಳು. "ನಾನು ಏನೇನೋ ಅಂದ್ಕೊಂಡಿದ್ದೆ."

"ಇಷ್ಟೇ. ದಿನಾ ಇದನ್ನ ಇಷ್ಟಕ್ಕೇ ಇಟ್ಕೊಳ್ಳೋದು ಕಷ್ಟ."

*

ಬಿಸಿಲು ಕಿಟಕಿಯಿಂದ ಜಾರಿ ನೆಲಕ್ಕೆ ಬಂದ ಹೊತ್ತಿಗೆ ಲ್ಯಾಪ್‌ಟಾಪು ಸಿದ್ಧವಾಯಿತು. ಇದೇ ರೀತಿ ತೊಳೆದು ಬೀಗ ಹಾಕಿದ ಇನ್ನೊಂದನ್ನು ಸೂಜಿ ಬೆಳಿಗ್ಗೆಯೇ ನರ್ಸಿನ ಕೈಗೆ ಕೊಟ್ಟು ಬಂದಿದ್ದಳು. ಅವಳಿದ್ದ ಮೂರನೆಯ ಜಾಗ ಎಲ್ಲೆಂದು ವಕೀಲೆಗೂ ಹೇಳಿರಲಿಲ್ಲ. ವಕೀಲೆಯೂ ಕೇಳಲಿಲ್ಲ.

ಕನ್ನಡಕದವನು ಎದ್ದ. "ನಾನು ಅಂಗಡಿಗೆ ಹೊರಟೆ. ಅಲ್ಲಲ್ಲ, ಕಿವಿ ಡಾಕ್ಟರ ಹತ್ರ."

"ನಾಳೆ ಹೋಗಿ," ಎಂದಳು ವಕೀಲೆ. "ನಾನೂ ಬರ್ತೀನಿ."

ಅವನು ತಲೆಯಾಡಿಸಿ, ಪಡಸಾಲೆಗೆ ಹೋಗಿ ಬಾಗಿಲು ಎಳೆದುಕೊಂಡ.

ಆಫೀಸ್ ಕೋಣೆಯಲ್ಲಿ ಇಬ್ಬರೇ ಉಳಿದರು. ಕರೆ ಹೋಯಿತು. ಪರದೆಯ ಮೇಲೆ ನರ್ಸಿನ ಮುಖ ಮೂಡಿತು. ತಲೆ ಅಷ್ಟೇ ಬಿಗಿಯಾಗಿ ಬಾಚಿತ್ತು, ಆದರೆ ಕಣ್ಣಿನ ಕೆಳಗೆ ಕಪ್ಪು ಕಡಿಮೆಯಾಗಿತ್ತು. ನಿದ್ದೆ ಮಾಡಿದ್ದಳು.

"ಮೊದಲು ಸಂಖ್ಯೆ ಓದಿ," ಎಂದಳು ಸೂಜಿ. ನಡುವೆ ಯಾರೂ ನುಸುಳಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಎರಡೂ ಕಡೆ ಒಂದೇ ಅಂಕಿಗಳು ಮೂಡಬೇಕಿತ್ತು. ನರ್ಸ್ ಔಷಧಿಯ ಅಳತೆ ಓದುವವಳ ಎಚ್ಚರದಿಂದ ಒಂದೊಂದೇ ಅಂಕಿ ಓದಿದಳು. ವಕೀಲೆ ಇಲ್ಲಿ ಬೆರಳಿಟ್ಟು ನೋಡುತ್ತ ಹೋದಳು. ಎಲ್ಲ ತಾಳೆಯಾಯಿತು.

"ಇನ್ನು ಹೆದರ್ಬೇಡಮ್ಮ," ಎಂದಳು ವಕೀಲೆ. "ಆ ಎರಡು ಮನೆ ಹೇಗೆ ಗೊತ್ತಾಯ್ತು ಅಂತ ಸಿಕ್ಕಿದೆ. ತಪ್ಪು ನಮ್ಮ ಕಡೇದೇ. ಮುಚ್ಚಿದೀವಿ. ಈಗ ನೀನು ಹೇಳೋದು ನಮ್ಮಿಬ್ಬರನ್ನ ಬಿಟ್ಟು ಯಾರಿಗೂ ಕೇಳಲ್ಲ."

ನರ್ಸ್ ದೀರ್ಘವಾಗಿ ಉಸಿರು ಬಿಟ್ಟಳು. "ಮೊದಲನೇ ಮನೆಗೆ ಬಂದಿದ್ದು ಇಬ್ಬರು ಗಂಡಸರು. ಅವರು ನರ್ಸಿಂಗ್ ಹೋಮಿನೋರೇ ಇರ್ಬೇಕು. ಎರಡನೇ ಮನೆಗೆ ಬಂದಿದ್ದು ಒಬ್ಬರೇ."

"ಯಾರು?"

"ಕಿಂಡೀಲಿ ನೋಡ್ದೆ. ಗಡಿಯಾರದೋರು."

"ಗಡಿಯಾರದವನ ಕಡೆಯೋರಾ?"

"ಕಡೆಯೋರಲ್ಲ ಮೇಡಂ. ಅವರೇ."

ವಕೀಲೆ ಸೂಜಿಯ ಕಡೆ ತಿರುಗಿದಳು. ಸೂಜಿ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಅವರು ಸತ್ತಿದಾರಮ್ಮ," ಎಂದಳು ವಕೀಲೆ, ಮಗುವಿಗೆ ಹೇಳುವ ಹಾಗೆ.

"ನಾನು ನೋಡಿದ್ದು ತಪ್ಪು ಔಷಧಿ ಕೊಟ್ಟಿದ್ದನ್ನ. ಸತ್ತಿದ್ದನ್ನ ನೋಡಿಲ್ಲ. ಮಾರನೇ ದಿನ ಡ್ಯೂಟಿಗೆ ಬಂದಾಗ ಹಾಸಿಗೆ ಖಾಲಿ ಇತ್ತು. ಹೋಗ್ಬಿಟ್ರು ಅಂದ್ರು." ಅವಳ ದನಿ ನಡುಗಲಿಲ್ಲ. "ಅವರ ಗಲ್ಲದ ಮೇಲೆ ಹಳೇ ಗಾಯದ ಗುರುತಿದೆ. ಹಾಸಿಗೇಲಿದ್ದಾಗ ಅದನ್ನ ತಪ್ಪಿಸಿ ಗಡ್ಡ ತೆಗೀತಿದ್ದೋಳು ನಾನು. ನನಗೆ ಮರೆಯುತ್ತಾ? ಬಾಗಿಲು ತೆಗೆದೆ. ಬಡವಾಗಿದಾರೆ, ಆದ್ರೆ ಅವರೇ."

"ದೇಹದ ಮುಖ ನೋಡಿದೋರು ಯಾರು?" ಎಂದಳು ಸೂಜಿ.

ವಕೀಲೆಗೆ ಬೆಂಚಿನ ಮೇಲೆ ಕೂತು ಎದ್ದುಹೋದ, ಗಲ್ಲದ ಮೇಲೆ ಗಾಯವಿದ್ದವನು ನೆನಪಾದ. "ಸೋಂಕು ಅಂತ ಪೂರ್ತಿ ಸುತ್ತಿ ಕೊಟ್ಟಿದ್ರು. ಒಳಗೆ ಹೋಗಿ ನೋಡಿ ಗುರುತು ಹೇಳಿದ್ದು ಒಬ್ಬರೇ. ಅವನ ಅಕ್ಕ. ಹಾಗಾದ್ರೆ ತಮ್ಮನದು ಅಂತ ಅವಳು ತೋರಿಸಿದ್ದು ಯಾರ ದೇಹ?"

ನರ್ಸ್ ಪರದೆಗೆ ಇನ್ನಷ್ಟು ಹತ್ತಿರ ಬಂದಳು.

"ಅವರು ಒಳಗೆ ಬರ್ಲಿಲ್ಲ ಮೇಡಂ. ಹೊಸಿಲ ಹೊರಗೇ ನಿಂತು ಒಂದೇ ಮಾತು ಹೇಳಿ ಇಳಿದು ಹೋದ್ರು. ನಾನು ಬದುಕಿದೀನಿ ಅಂತ ವಕೀಲ್ರಿಗೆ ಹೇಳಿ, ಬೇಕಾದ್ರೆ ಜಡ್ಜಿಗೂ ಹೇಳಿ, ನಮ್ಮಕ್ಕನಿಗೆ ಮಾತ್ರ ಗೊತ್ತಾಗ್ಬಾರ್ದು ಅಂತ."